ಹಣಮಂತನ ಸೈಕಲ್ ಗಂಟೆ

ಇಚಲಕರಂಜಿಯ ಮಗ್ಗದ ಹಣಮಂತ ಏಳು ವರ್ಷದಲ್ಲಿ ತನ್ನ ಸೈಕಲ್ಲಿನ ಗಂಟೆಯನ್ನು ನಾಲ್ಕು ಸಲ ಬದಲಿಸಿದ್ದ. ನಾಲ್ಕು ಸಲವೂ ಜಗಳ ಮಾಡಿಯೇ ಬದಲಿಸಿದ್ದು. ಭಾವುಸಾಹೇಬನ ಸೈಕಲ್ ಅಂಗಡಿಗೆ ಹೋಗುವುದು, ಗಂಟೆ ಬಿಚ್ಚಿ ಗಲ್ಲೆಯ ಮೇಲೆ ಕುಕ್ಕುವುದು, "ಡುಪ್ಲಿಕೇಟ್ ಮಾಲು ಮಾರಾಕ ನಾಚಿಕಿ ಬರೂದಿಲ್ಲೇನ? ವಾರಕ್ಕ ಒಂದ್ ದಿನಾ ಬಾರಸ್ತೀನಿ, ಅದಕ್ಕೂ ದನಿ ಇಲ್ಲ" ಎಂದು ಬೀದಿಗೆ ಕೇಳುವಂತೆ ಬಯ್ಯುವುದು. ಭಾವುಸಾಹೇಬ ತಿರುಗಿ ಒಂದು ಮಾತೂ ಆಡುತ್ತಿರಲಿಲ್ಲ. ಹಳೆಯದನ್ನು ಒಳಗೆ ಒಯ್ದು, ಥಳಥಳ ಹೊಳೆಯುವುದೊಂದನ್ನು ತಂದು ಕೂರಿಸಿ ಕೊಡುತ್ತಿದ್ದ. ಅಷ್ಟಕ್ಕೇ ಹಣಮಂತ ಗೆದ್ದವನಂತೆ ಮೀಸೆ ತೀಡಿಕೊಂಡು ಹೊರಡುತ್ತಿದ್ದ.

ಹಣಮಂತ ಹದಿನಾರನೆಯ ವಯಸ್ಸಿಗೆ ಮಗ್ಗದ ಶೆಡ್ಡು ಹೊಕ್ಕವನು. ಈಗ ಐವತ್ತೆರಡು. ಒಂದೇ ತಗಡಿನ ಕೆಳಗೆ ನಲವತ್ತೆಂಟು ಮಗ್ಗ. ಲಾಳಿ ಅತ್ತಿಂದಿತ್ತ ಬಡಿಯುವ ಆ ಸದ್ದಿನಲ್ಲಿ ಕೂಗಿದರೂ ಅಷ್ಟೇ, ಸುಮ್ಮನಿದ್ದರೂ ಅಷ್ಟೇ. ಅದಕ್ಕೆ ಅಲ್ಲಿ ಯಾರೂ ದನಿ ಖರ್ಚು ಮಾಡುವುದಿಲ್ಲ. ಎದುರಿಗೆ ನಿಂತು ಬಾಯಿ ಅಗಲ ಮಾಡಿ ಮಾತಿನ ಆಕಾರ ತೋರಿಸುತ್ತಾರೆ, ನೋಡಿದವನಿಗೆ ತಿಳಿಯುತ್ತದೆ. ಚಹಾ ಬೇಕೇ ಎಂದು ಕೇಳುವುದೂ ಹಾಗೇ, ತಾಯಿ ತೀರಿಕೊಂಡಳು ಎಂದು ಹೇಳುವುದೂ ಹಾಗೇ. ಅವನ ಹೆಂಡತಿ ಸಾವಕ್ಕ ಅದೇ ಶೆಡ್ಡಿನ ಮೂಲೆಯಲ್ಲಿ ನೂಲು ಸುತ್ತಿದವಳು. ಮನೆಯಲ್ಲೂ ಅವರ ಸಂಸಾರ ಎದುರುಬದುರು ನಿಂತೇ ನಡೆದಿತ್ತು. ಫೋನು ಬಂದರೆ ಮಾತ್ರ ಹಣಮಂತ ಅದನ್ನು ಅವಳ ಕೈಗೆ ತುರುಕುತ್ತಿದ್ದ. "ಈ ಫೋನಿನ್ಯಾಗ ಎಲ್ಲಾ ಮಂದಿ ಗೊಣಗೊಣ ಅಂತಾರ" ಎಂದು ಸಿಟ್ಟು.

ಶೆಡ್ಡಿಗೆ ವಾರದ ಸುಟ್ಟಿ, ಅಂದರೆ ರಜೆ, ಬಂದ ದಿನ ಅವನು ಬೆಳಿಗ್ಗೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಸೈಕಲ್ ಹತ್ತುತ್ತಿದ್ದ. ಪಂಚಗಂಗೆಯ ದಂಡೆ ಹಿಡಿದು ಕುರುಂದವಾಡದ ಕಡೆ. ಸಾಮಾನು ತರುವುದಿಲ್ಲ, ಯಾರನ್ನೂ ಕಾಣುವುದಿಲ್ಲ, ಅವಸರವಂತೂ ಇಲ್ಲವೇ ಇಲ್ಲ. ಅಂಗೈಯಂತೆ ಸಪಾಟಾದ ಕಪ್ಪು ನೆಲ, ಎರಡೂ ಕಡೆ ಕಬ್ಬು, ನಡುವೆ ಸಣ್ಣ ಡಾಂಬರು ದಾರಿ. ಪೆಡಲು ತುಳಿಯುವುದನ್ನು ಮರೆತರೂ ಸೈಕಲ್ಲು ಒಂದಿಷ್ಟು ದೂರ ತಾನೇ ಹೋಗುತ್ತಿತ್ತು.

"ಪ್ಯಾಟಿಗೆ ಹೋಗಿ ಉಳ್ಳಾಗಡ್ಡಿ ತರ್ರಿ ಅಂದ್ರ ಕಾಲು ನೋಯ್ತಾವ. ಹೊಳಿ ದಂಡಿ ಅಂದ್ರ ದಿನಾ ಪೂರ್ತಿ ತಿರಗ್ತೀರಿ" ಎಂದು ಸಾವಕ್ಕ ಚುಚ್ಚುತ್ತಿದ್ದಳು.

"ಅಲ್ಲಿ ಒಂದು ಸಪ್ಪಳ ಇಲ್ಲ ನೋಡು ಸಾವಕ್ಕಾ. ಒಂದ ಒಂದೂ ಇಲ್ಲ. ದೇವರು ಆ ನೆಲಕ್ಕ ಸುಟ್ಟಿ ಕೊಟ್ಟಾನ."

ಆ ನಿಶ್ಶಬ್ದವೇ ಅವನ ಆಸ್ತಿ. ಆರು ದಿನದ ಗದ್ದಲವನ್ನು ಅವನು ತಡೆದುಕೊಳ್ಳುತ್ತಿದ್ದುದೇ ಏಳನೆಯ ದಿನದ ಆ ದಾರಿಗಾಗಿ. ಅದನ್ನು ಕಸಿದರೆ ಅವನಲ್ಲಿ ಏನೂ ಉಳಿಯುವುದಿಲ್ಲ ಎಂಬುದು ಸಾವಕ್ಕನಿಗೂ ಗೊತ್ತಿತ್ತು.

ಕಳೆದ ಮಾಘದಲ್ಲಿ ಮೊದಲ ಸಲ ಅವನಿಗೆ ಜೊತೆ ಸಿಕ್ಕಿತು. ದತ್ತವಾಡದ ಬಸಗೊಂಡ, ಕಬ್ಬು ಬೆಳೆಯುವವನು, ಕುರುಂದವಾಡದ ಚಹಾದಂಗಡಿಯಲ್ಲಿ ಎದುರು ಕೂತು ಪರಿಚಯವಾದವನು. "ಡಾಕ್ಟರ್ ಸೈಕಲ್ ತುಳೀರಿ ಅಂದಾನ. ಊರಿಗೆಲ್ಲಾ ಸಕ್ಕರಿ ಕಳಿಸಿದೆ, ಉಳಿದದ್ದು ನನ್ನ ರಕ್ತದಾಗ ಕುಂತೈತಿ" ಎಂದು ನಗುತ್ತಿದ್ದ. ಸೊಸೆಯ ಸೈಕಲ್ಲು ತಂದಿದ್ದ, ಮುಂದೆ ಗುಲಾಬಿ ಬಣ್ಣದ ಬುಟ್ಟಿ ಬೇರೆ. ದಾರಿ ಕಿರಿದು, ಕಬ್ಬಿನ ಟ್ರ್ಯಾಕ್ಟರುಗಳ ಓಡಾಟ. ಹಣಮಂತ ಮುಂದೆ, ಬಸಗೊಂಡ ಹಿಂದೆ.

ಒಂದು ಆಲದ ನೆರಳಿಗೆ ಬಂದಾಗ ಬಸಗೊಂಡ ಸರ್ರನೆ ಮುಂದೆ ಬಂದು ಅಡ್ಡ ನಿಂತ. ಮುಖ ಕೆಂಪಾಗಿತ್ತು.

"ಮಾತು ಬ್ಯಾಡಾಗಿದ್ರ ಮೊದಲ ಹೇಳಬೇಕಿತ್ತು ನೀ."

"ಏನಾತೋ?"

"ಎರಡು ಮೈಲಿ ಮಾತಾಡೇನಿ. ನನ್ನ ಹೆಂಡತಿ ಸುಶೀಲಾಬಾಯಿಗೆ ಕೊಲ್ಲಾಪುರದಾಗ ಆಪರೇಷನ್ ಐತಿ, ನನ್ನ ಕೈ ಕಾಲು ನಡಗತಾವ, ಒಂದು ದಿನ ಬಂದು ಮಗ್ಗಲಾಗ ಕುಂಡ್ರು ಅಂತ ಕೇಳೇನಿ. ನೀ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಮುಂದ ಹ್ವಾದಿ, ಸಾಹೇಬನ ಹಂಗ."

ಹಣಮಂತನ ಪಿತ್ತ ನೆತ್ತಿಗೇರಿತು. "ಸುಳ್ಳು ಹೇಳಬ್ಯಾಡ ಬಸಗೊಂಡ. ನೀ ತುಟಿ ಪಿಟಕ್ ಅಂದಿಲ್ಲ. ಹೆಂಡತಿ ಮ್ಯಾಲ ಯಾರರ ಸುಳ್ಳು ಹೇಳ್ತಾರೇನ?"

"ಕಿವ್ಯಾಗ ಏನು ಹತ್ತಿ ಇಟ್ಕೊಂಡಿಯೋ? ಆ ಟಿಟವಿ ಒದರೂದರ ಕೇಳಸಾಕತ್ತೈತೋ ಇಲ್ಲೋ?"

ಹಣಮಂತ ಅವನ ಬೆರಳು ಹೋದ ಕಡೆ ನೋಡಿದ. ಕಟಾವಾದ ಕಬ್ಬಿನ ಕೂಳೆಯ ನಡುವೆ ಉದ್ದ ಕಾಲಿನ ಟಿಟವಿ ಹಕ್ಕಿ ನಿಂತಿತ್ತು. ಏಳು ವರ್ಷದಿಂದ ಅವನು ವಾರವಾರವೂ ನೋಡುತ್ತ ಬಂದ ಹಕ್ಕಿ. ಅದರ ಕೊಕ್ಕು ತೆರೆಯುತ್ತಿತ್ತು, ಮುಚ್ಚುತ್ತಿತ್ತು, ತೆರೆಯುತ್ತಿತ್ತು. ಪಾಪ, ಬಿಸಿಲಿನ ಝಳಕ್ಕೆ ಬಾಯಿ ಬಿಡುತ್ತದೆ ಎಂದು ಅವನು ಇಷ್ಟು ದಿನ ತಿಳಿದಿದ್ದ.

"ಅದು... ಒದರತೈತೇನ?"

ಬಸಗೊಂಡನ ಸಿಟ್ಟು ಅಲ್ಲೇ ನಿಂತಿತು. ಅವನು ಗೆಳೆಯನ ಮುಖವನ್ನೇ ನೋಡಿದ. ಆಮೇಲೆ ಕೈ ಚಾಚಿ ಹಣಮಂತನ ಸೈಕಲ್ಲಿನ ಗಂಟೆ ಒತ್ತಿದ.

ಹಣಮಂತನಿಗೆ ಬೆರಳು ಕಂಡಿತು. ಗಂಟೆಯ ಮುಚ್ಚಳ ನಡುಗಿದ್ದು ಕಂಡಿತು. ಸದ್ದು ಬರಲಿಲ್ಲ. "ಅದು ಡುಪ್ಲಿಕೇಟ್" ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ, ಮೂವತ್ತು ಮಾರು ದೂರದಲ್ಲಿ ಅವರಿಗೆ ಬೆನ್ನು ಮಾಡಿ ಮೇಯುತ್ತಿದ್ದ ಎಮ್ಮೆ ಕಿವಿ ನಿಮಿರಿಸಿ, ಇಡೀ ತಲೆಯನ್ನು ಇತ್ತ ತಿರುಗಿಸಿತು.

ಹಣಮಂತ ತಾನೇ ಒತ್ತಿದ. ಎಮ್ಮೆ ಮತ್ತೆ ನೋಡಿತು. ಮತ್ತೆ ಒತ್ತಿದ. ಮನುಷ್ಯ ಸುಳ್ಳು ಹೇಳಬಹುದು, ಚೇಷ್ಟೆ ಮಾಡಬಹುದು. ಎಮ್ಮೆಗೆ ಅವನ ಮೇಲೆ ಏನು ಹಗೆ? ಅವನು ಆಲದ ಬೇರಿನ ಮೇಲೆ ಕುಸಿದು ಕೂತ. ಎದುರಿಗೆ ಹೊಳೆ ಹರಿಯುತ್ತಿತ್ತು, ಗಾಳಿಗೆ ಕಬ್ಬಿನ ಗರಿ ಒಂದಕ್ಕೊಂದು ಉಜ್ಜುತ್ತಿದ್ದವು. ಅದಕ್ಕೂ ಸದ್ದಿದೆಯೋ ಏನೋ. ದೇವರು ಈ ನೆಲಕ್ಕೆ ಯಾವ ಸುಟ್ಟಿಯನ್ನೂ ಕೊಟ್ಟಿರಲಿಲ್ಲ. ಅವನು ಹೊಗಳಿ ಹೊಗಳಿ ಹೇಳಿದ ನಿಶ್ಶಬ್ದ ಅವನ ತಲೆಯೊಳಗಿನದು; ಸೈಕಲ್ಲಿನ ಮೇಲೆ ಅದನ್ನು ಅವನೇ ಹೊತ್ತುಕೊಂಡು ಬರುತ್ತಿದ್ದ.

"ಆಪರೇಷನ್ ಯಾವತ್ತ ಐತಿ?" ಎಂದು ಬಸಗೊಂಡನ ಕಡೆ ತಿರುಗಿ ಕೇಳಿದ. "ಬರ್ತೇನಿ."

ಮನೆಗೆ ಬಂದವನೇ ಸಾವಕ್ಕನ ಎದುರು ನಿಂತ. "ನಿನಗ ಗೊತ್ತಿತ್ತೇನ?"

ಯಾವುದು ಎಂದು ಅವಳು ಕೇಳಲಿಲ್ಲ. "ನಾಕು ವರ್ಷ ಆತು."

"ಯಾಕ ಹೇಳಲಿಲ್ಲ?"

"ಹೇಳಿದ್ರ ತಾಟು ಒಗೀತಿದ್ರಿ. ಆಮ್ಯಾಲ ಸೈಕಲ್ ಬಿಡ್ರಿ ಅಂತ ನಾನ ಅನ್ನಬೇಕಾಗತಿತ್ತು. ಆರು ದಿನ ಹುಲಿ ಹಂಗ ಇರೋ ನೀವು ಆ ಒಂದು ಸಂಜಿ ಮನಶ್ಯಾರಂಗ ಮನಿಗೆ ಬರ್ತಿದ್ರಿ. ಅದನ್ನ ಹೆಂಗ ಕಸಗೋಬೇಕು?" ಸಾವಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. "ಈಗ ನಿಮಗೂ ಗೊತ್ತಾತು. ಇನ್ನ ಬ್ಯಾಡ. ಹಿಂದಿಂದ ಟ್ರ್ಯಾಕ್ಟರ್ ಬಂದ್ರ ಏನು ಗತಿ?"

ಮರುದಿನ ಪಾಳಿ ಮುಗಿಸಿ ಅವನು ಭಾವುಸಾಹೇಬನ ಅಂಗಡಿಗೆ ಹೋದ. ಗಲ್ಲೆಯ ಮೇಲೆ ಗಂಟೆ ಕುಕ್ಕಲಿಲ್ಲ. "ಗಂಟಿ ಛಲೋ ಐತಿ" ಎಂದಷ್ಟೇ ಹೇಳಿ ಮಣೆಯ ಮೇಲೆ ಕೂತ.

"ಕುಂಡ್ರಿ, ಕುಂಡ್ರಿ ಹಣಮಂತರಾವ್. ಛಲೋ ಇರಾಕ ಬೇಕು. ಮೊದಲ ದಿನದ್ದ ಗಂಟಿ ಅದು."

"ಅಂದ್ರ?"

"ನಾಕು ಸರ್ತಿನೂ ಅದನ್ನ ಒಳಗ ಒಯ್ದು ಚಿಮಣಿ ಎಣ್ಣಿಲೆ ತಿಕ್ಕಿ ಕೊಟ್ಟೇನಿ. ನೀವು ಒಬ್ರ ಅಂತ ತಿಳದೀರೇನು? ಮಗ್ಗದ ಮಂದಿ ವಯಸ್ಸಾದ ಕೂಡ್ಲೆ ಗಂಟಿ ಹಿಡಕೊಂಡು ಜಗಳಕ್ಕ ಬರ್ತಾರ. ಮೊದಲ ಒಬ್ಬರಿಗೆ ಖರೇ ಹೇಳಿದ್ದೆ, ನಟ್ ಬಿಚ್ಚೂ ಪಾನಾ ತಗೊಂಡು ಹೊಡ್ಯಾಕ ಬಂದ್ರು." ಅವನು ಗಲ್ಲೆಯ ಕೆಳಗಿಂದ ಒಂದು ಡಬ್ಬಿ ಎಳೆದು ಮುಚ್ಚಳ ತೆಗೆದ. ಒಳಗೆ ಹ್ಯಾಂಡಲಿಗೆ ಕೂರಿಸುವ ದುಂಡು ಕನ್ನಡಿಗಳು, ಒಂದರ ಮೇಲೊಂದು, ಎರಡು ಡಜನ್ನಾದರೂ ಇದ್ದವು. "ತಾವಾಗೇ ಗೊತ್ತು ಮಾಡ್ಕೊಂಡು ಬಂದವರಿಗೆ ಇದನ್ನ ಕೊಡ್ತೇನಿ."

ಹಣಮಂತ ಆ ಡಬ್ಬಿಯನ್ನೇ ನೋಡಿದ. ಒಂದೊಂದು ಕನ್ನಡಿಯಲ್ಲೂ ಅವನದೇ ಮುಖದ ಚೂರು. ಇಷ್ಟು ಮಂದಿಯೇ ಎಂದುಕೊಂಡು ಒಂದನ್ನು ಕೈಗೆತ್ತಿಕೊಂಡ.

ಸುಟ್ಟಿಯ ದಿನ ಸಾವಕ್ಕ ಬಾಗಿಲಿಗೆ ಅಡ್ಡ ನಿಂತಳು. ಅವನು ಅವಳನ್ನು ಬಳಸಿ ಸೈಕಲ್ಲನ್ನು ಓಣಿಗೆ ಇಳಿಸಿ, ಬೆನ್ನು ಹಾಕಿ ನಿಂತು, ಹ್ಯಾಂಡಲಿನ ಹೊಸ ಕನ್ನಡಿ ಓರೆ ಮಾಡಿ, "ಏನರ ಹೇಳು" ಎಂದ. ಅವಳು ಹತ್ತು ಹೆಜ್ಜೆ ಹಿಂದೆ ನಿಂತು, ಶೆಡ್ಡಿನಲ್ಲಿ ಮಾಡುತ್ತಿದ್ದಂತೆ, ದನಿಯಿಲ್ಲದೆ ಬಾಯಿ ಆಡಿಸಿದಳು.

"ಉಳ್ಳಾಗಡ್ಡಿ ತರ್ತೇನಿ" ಎಂದ ಹಣಮಂತ.

ಅವಳು ಹೋಗಿ ಬರ್ರಿ ಎಂದು ಕೈ ಮಾಡಿದಳು.

ಊರು ದಾಟಿ ಕಬ್ಬಿನ ದಾರಿಗೆ ಬಂದ. ಎಲ್ಲ ಹಿಂದಿನಂತೆಯೇ ಸಪಾಟು, ಹಿಂದಿನಂತೆಯೇ ಸುಮ್ಮನೆ. ಪೆಡಲು ಬಿಟ್ಟು ಸೈಕಲ್ಲನ್ನು ಅದರ ಪಾಡಿಗೆ ಹರಿಯಬಿಟ್ಟ. ಅಭ್ಯಾಸವಿಲ್ಲದ ಕಣ್ಣು, ಕನ್ನಡಿ ನೋಡುವುದು ತಡವಾಗಿಯೇ ನೆನಪಾಯಿತು. ನೋಡಿದರೆ ದುಂಡು ಗಾಜಿನ ತುಂಬ ಒಂದು ಕೆಂಪು ಟ್ರ್ಯಾಕ್ಟರು, ಎರಡು ಟ್ರಾಲಿ ಕಬ್ಬು, ಅವನ ಹಿಂದಿನ ಗಾಲಿಯಿಂದ ಒಂದು ಮಾರು ದೂರದಲ್ಲಿ. ಚಾಲಕ ಒಂದು ಕೈಯಲ್ಲಿ ಹಾರ್ನು ಒತ್ತಿ ಹಿಡಿದು, ಅರ್ಧ ಎದ್ದು ನಿಂತು, ಬಾಯಿ ಅಗಲ ಮಾಡಿ ಬಯ್ಯುತ್ತಿದ್ದ. ಒಂದೊಂದು ಬೈಗಳೂ ಹಣಮಂತನಿಗೆ ಸ್ಪಷ್ಟವಾಗಿ ಓದಲು ಬಂತು. ತಾಯಿ, ಅಜ್ಜಿ, ಯಾರನ್ನೂ ಬಿಟ್ಟಿರಲಿಲ್ಲ.

ಅವನು ಸೈಕಲ್ಲನ್ನು ಮಣ್ಣಿಗೆ ಇಳಿಸಿ ಕಾಲು ಊರಿ ನಿಂತ. ಟ್ರ್ಯಾಕ್ಟರು ಹಾಯ್ದು ಹೋಗುವಾಗ ನೆಲ ನಡುಗಿದ್ದು ಪಾದಕ್ಕೆ ತಿಳಿಯಿತು. ಎಂದಿನ ಹಣಮಂತನಾದರೆ ಕಲ್ಲು ಹುಡುಕುತ್ತಿದ್ದ. ಇಂದು ಕೈ ಮುಗಿದ. ಏಳು ವರ್ಷ, ಪ್ರತಿ ವಾರ, ಈ ಬೆನ್ನ ಹಿಂದೆ ಇಂಥ ಎಷ್ಟು ಬಾಯಿ ತೆರೆದಿದ್ದವೋ, ಎಷ್ಟು ಮಂದಿ ಬ್ರೇಕು ಒತ್ತಿ ಇವನನ್ನು ಉಳಿಸಿ ಹೋಗಿದ್ದರೋ. ಧೂಳು ಕನ್ನಡಿಯ ಮೇಲೆ ಕೂತಿತ್ತು. ಅಂಗಿಯ ತುದಿಯಿಂದ ಒರೆಸಿದ, ಬಸಗೊಂಡ ಕಾಯುತ್ತಿರುತ್ತಾನೆ ಎಂದು ಮತ್ತೆ ಪೆಡಲಿಗೆ ಕಾಲಿಟ್ಟ.