ತಂಗಿಯ ಕ್ಲಾಸಿನಲ್ಲಿ ಅಕ್ಕ

ಅಮ್ಮನ ಬ್ಯೂಟಿ ಪಾರ್ಲರಿಗೆ ಶಾಂಪೂ ಬಾಟಲಿಗಳು ಬರುವ ರಟ್ಟಿನ ಡಬ್ಬಗಳನ್ನು ದೊಡ್ಡ ಮಗಳು ಬಿಸಾಡಲು ಬಿಡುತ್ತಿರಲಿಲ್ಲ. ಕತ್ತರಿಸಿ, ಅಂಟಿಸಿ, ಮೆಟ್ಟಿಲು ಕಿಟಕಿಗಳಿರುವ ಮನೆ ಕಟ್ಟುತ್ತಿದ್ದಳು. ಹಾಗಾಗಿ ಎಲ್ಲರ ಬಾಯಲ್ಲೂ ಅವಳು ರಟ್ಟಮ್ಮ. ಹೈಸ್ಕೂಲು ಮುಗಿಸಿ ಕಟ್ಟಡ ವಿನ್ಯಾಸದ ಡಿಪ್ಲೊಮಾ ಕಾಲೇಜು ಸೇರಬೇಕು ಅನ್ನುವುದು ಅವಳ ಹಟ. ಅಲ್ಲಿಗೆ ಅರ್ಜಿ ಹಾಕುವವರು ರಾಶಿ, ಸೀಟು ಸಿಗುವುದು ಬೆರಳೆಣಿಕೆಯಷ್ಟು ಮಂದಿಗೆ. ಅವರು ಮೊದಲು ನೋಡುವುದೇ ಗಣಿತದ ಅಂಕ. ರಟ್ಟಮ್ಮನಿಗೋ ಗಣಿತ ಕಬ್ಬಿಣದ ಕಡಲೆ.

ಹೈಸ್ಕೂಲು ಮುಗಿಯಲು ಇನ್ನೊಂದು ವರ್ಷ ಇರುವಾಗ ಲೆಕ್ಕದ ಮೇಡಂ ಅವಳನ್ನು ಸ್ಟಾಫ್ ರೂಮಿಗೆ ಕರೆಸಿದರು.

"ಮೈನಸ್ ಮೂರರಿಂದ ಮೈನಸ್ ಐದು ಕಳೆದರೆ ಎಷ್ಟು?"

"ಮೈನಸ್ ಎಂಟು."

ಮೇಡಂ ಪೆನ್ನು ಕೆಳಗಿಟ್ಟರು. "ಅರ್ಧವನ್ನು ಮೂರನೇ ಒಂದರಿಂದ ಭಾಗಿಸಿದರೆ?"

ರಟ್ಟಮ್ಮ ಬೆರಳು ಮಡಚಿ ಎಣಿಸತೊಡಗಿದಳು.

"ಇಷ್ಟು ವರ್ಷ ಉರು ಹೊಡ್ಕೊಂಡೇ ಪಾಸಾಗಿದ್ದೀಯ, ಬುಡವೇ ಗಟ್ಟಿಯಿಲ್ಲ. ಈಗ ಟ್ಯೂಷನ್ನಿಗೆ ಹೋದ್ರೂ ಅಷ್ಟೇ, ಹೋಗದಿದ್ರೂ ಅಷ್ಟೇ. ನಿನ್ನ ಆಟದ ಪಿರಿಯಡ್ಡಲ್ಲಿ ನಾನು ಎಂಟನೇ ಕ್ಲಾಸಿಗೆ ಪಾಠ ಮಾಡ್ತೀನಿ. ಬಂದು ಕೂತ್ಕೋ."

"ಮೇಡಂ, ಅದು ನನ್ನ ತಂಗಿ ಕ್ಲಾಸು."

"ಗೊತ್ತು."

ಆ ಸಂಜೆ ಮನೆಯಲ್ಲಿ ತಂಗಿ ರಂಪ ಎಬ್ಬಿಸಿದಳು. "ಇವಳು ಬಂದ್ರೆ ನಾನು ಸ್ಕೂಲಿಗೇ ಹೋಗಲ್ಲ, ಅಷ್ಟೇ!" ಲಿಫ್ಟ್ ರಿಪೇರಿ ಮಾಡಿ ಬಂದ ಅಪ್ಪ ಕೈಗಂಟಿದ ಗ್ರೀಸು ಉಜ್ಜುತ್ತಾ ನಿಂತಿದ್ದರು. ಒಬ್ಬಳ ಪರ ಮಾತಾಡಿದರೆ ಇನ್ನೊಬ್ಬಳು ಊಟ ಬಿಡುತ್ತಾಳೆ ಎಂದು ಅವರಿಗೆ ಗೊತ್ತಿತ್ತು.

ಮೊದಲ ದಿನ ಹಿಂದಿನ ಬೆಂಚಿನಲ್ಲಿ ಕೂತಾಗ ಮೊಣಕಾಲು ಡೆಸ್ಕಿಗೆ ತಾಗಿ ಸದ್ದಾಯಿತು. ಇಡೀ ಕ್ಲಾಸು ತಿರುಗಿ ನೋಡಿತು. "ನಿಮ್ಮಕ್ಕ ಫೇಲಾ?" ಎಂದು ಯಾರೋ ತಂಗಿಯನ್ನು ಕೇಳಿದರು. ಮೇಡಂ ಮೊದಲ ಪ್ರಶ್ನೆಯನ್ನೇ ರಟ್ಟಮ್ಮನಿಗೆ ಹಾಕಿದರು. ಅವಳ ಉತ್ತರ ತಪ್ಪಾಯಿತು. ಅವಳಿಗಿಂತ ಮೊಳದಷ್ಟು ಗಿಡ್ಡ ಇರುವ ಮಕ್ಕಳೆಲ್ಲ ಕೈ ಎತ್ತಿದರು. ತಂಗಿ ಮಾತ್ರ ಎತ್ತಲಿಲ್ಲ. ಅವಳ ಕಿವಿ ಕೆಂಪಾಗಿದ್ದು ಹಿಂದಿನ ಬೆಂಚಿಗೂ ಕಾಣುತ್ತಿತ್ತು.

ಅಂದಿನಿಂದ ತಂಗಿ ರಸ್ತೆಯ ಆಚೆ ಬದಿಯಲ್ಲಿ ನಡೆಯತೊಡಗಿದಳು. ಒಂದು ಸಂಜೆ ಪಾರ್ಲರಿನಲ್ಲೇ ಜಗಳ ಹೊತ್ತಿಕೊಂಡಿತು.

"ನಿನ್ನಿಂದ ನನ್ನ ಮಾನ ಹೋಯ್ತು! ತಲೆಗೆ ಹತ್ತದ್ದು ಹತ್ತಲ್ಲ, ಬಿಟ್ಬಿಡು. ಅಮ್ಮನ ಥರ ಇಲ್ಲೇ ಕಂಡವರ ತಲೆ ಬಾಚ್ಕೊಂಡಿರು!"

ಗಿರಾಕಿಯೊಬ್ಬರ ಕೂದಲಲ್ಲಿದ್ದ ಅಮ್ಮನ ಬಾಚಣಿಗೆ ಅಲ್ಲೇ ನಿಂತಿತು. ಅಮ್ಮ ಕನ್ನಡಿಯಲ್ಲೇ ಕಿರಿಮಗಳನ್ನು ನೋಡಿ, ಮತ್ತೆ ಬಾಚತೊಡಗಿದರು.

ಕೆಲವು ದಿನ ಕಳೆದ ಮೇಲೆ ರಟ್ಟಮ್ಮ ಒಂದೇ ಲೆಕ್ಕಕ್ಕೆ ಮೂರನೇ ಸಲ ತಲೆ ಕೆಡಿಸಿಕೊಳ್ಳುತ್ತಿದ್ದಾಗ ತಂಗಿ ಎದುರು ಬಂದು ಕೂತಳು.

"ಬ್ರಾಕೆಟ್ ಮುಂದೆ ಮೈನಸ್ ಇದ್ರೆ ಬಿಡಿಸುವಾಗ ಚಿಹ್ನೆ ಬದಲಾಯಿಸಬೇಕು. ಎಷ್ಟು ಸಲ ಹೇಳ್ಕೊಟ್ಟಿದ್ದಾರೆ? ನನಗೆ ನೋಡೋಕಾಗ್ತಿಲ್ಲ."

"ಹಾಗಾದ್ರೆ ನೀನೇ ಹೇಳ್ಕೊಡು."

ತಂಗಿ ಹೇಳಿಕೊಟ್ಟಳು. ಮೇಡಮ್ಮೇ ವಾಸಿ ಅನ್ನುವಷ್ಟು ಗದರಿದಳು. ಆದರೆ ಎದ್ದು ಹೋಗಲಿಲ್ಲ, ಮಾರನೆಯ ದಿನವೂ ಬಂದಳು. ಅಕ್ಕ ಎಂಟನೇ ಕ್ಲಾಸಿನ ಪುಸ್ತಕ ಮುಗಿಸಿ, ಒಂಬತ್ತರದ್ದನ್ನು ಮುಗಿಸಿ, ತನ್ನ ಪಾಠಕ್ಕೆ ಬರುವಷ್ಟರಲ್ಲಿ ಪರೀಕ್ಷೆ ಬಾಗಿಲಿಗೆ ಬಂದಿತ್ತು. ಅರ್ಜಿಯ ಜೊತೆ ಹೋಗಬೇಕಾದದ್ದು ಇದೇ ಅಂಕ.

ಪರೀಕ್ಷೆಯಲ್ಲಿ ಅರ್ಧ ಪತ್ರಿಕೆ ಸರಾಗವಾಗಿ ಸಾಗಿತು. ಆಮೇಲೆ ಕಟ್ಟಡವೊಂದರ ಎತ್ತರ ಕಂಡುಹಿಡಿಯುವ ದೊಡ್ಡ ಲೆಕ್ಕ ಬಂತು. ಪುಟ ತುಂಬಿಸಿದ ಮೇಲೆ ಉತ್ತರ ಬಂದದ್ದು ಮೈನಸ್. ಮೊದಲಾಗಿದ್ದರೆ ಕೆಳಗೆ ಗೆರೆ ಎಳೆದು ಮುಂದೆ ಹೋಗುತ್ತಿದ್ದಳು. ಈಗ ಕಣ್ಣಿಗೆ ಹೊಡೆಯಿತು: ನೆಲದ ಮೇಲೆ ನಿಂತ ಕಟ್ಟಡದ ಎತ್ತರ ಮೈನಸ್ ಆಗುವುದೆಂದರೇನು? ಹೊಡೆದುಹಾಕಿದರೆ ಕೊನೆಯ ಪ್ರಶ್ನೆಗೆ ಸಮಯ ಸಾಲದು. ಬಿಟ್ಟರೆ ಇದೂ ಹೋಯಿತು. ಇಡೀ ಪುಟಕ್ಕೆ ಅಡ್ಡಗೆರೆ ಎಳೆದು ಮೊದಲಿನಿಂದ ಶುರುಮಾಡಿದಳು. ಉತ್ತರ ಬರೆದು ತಲೆ ಎತ್ತುವಾಗ ಗಂಟೆ ಹೊಡೆಯಿತು. ಕೊನೆಯ ಪ್ರಶ್ನೆ ಹಾಗೇ ಉಳಿಯಿತು.

ಅಂಕ ಚೆನ್ನಾಗಿಯೇ ಬಂತು, ಆದರೆ ಬೆರಗಾಗುವಂಥದ್ದೇನಲ್ಲ. ಸಂದರ್ಶನದಲ್ಲಿ ಕಾಲೇಜಿನ ಹಿರಿಯ ಅಧ್ಯಾಪಕಿ ಹಳೆಯ ಅಂಕ, ಹೊಸ ಅಂಕ ಎರಡನ್ನೂ ನೋಡಿದರು.

"ಹಿಂದಿನ ವರ್ಷ ಇಷ್ಟು ಕಡಿಮೆ. ನಡುವೆ ಏನಾಯ್ತಮ್ಮ?"

ಏನಾದರೊಂದು ನೆಪ ಹೇಳಬಹುದಿತ್ತು. "ಎಂಟನೇ ಕ್ಲಾಸಲ್ಲಿ ಕೂತೆ ಮೇಡಂ. ನನ್ನ ತಂಗಿ ಕ್ಲಾಸಲ್ಲಿ."

ಅಧ್ಯಾಪಕಿ ಅರ್ಜಿಯ ಅಂಚಿನಲ್ಲಿ ಏನನ್ನೋ ಬರೆದುಕೊಂಡರು. ಹೊರಗೆ ಬಂದವಳಿಗೆ ಅದು ಒಳ್ಳೆಯದೋ ಕೆಟ್ಟದ್ದೋ ತಿಳಿಯಲಿಲ್ಲ.

ಬಂದ ಉತ್ತರ: ಕಾಯುವ ಪಟ್ಟಿಯಲ್ಲಿದ್ದೀರಿ. ಆ ವಾರಗಳಲ್ಲಿ ಫೋನು ಬಡಿದುಕೊಂಡರೆ ಸಾಕು, ಮನೆಮಂದಿಯ ಎದೆಯೂ ಬಡಿದುಕೊಳ್ಳುತ್ತಿತ್ತು. ಕೊನೆಗೆ ಕರೆ ಬಂದಾಗ ಅಮ್ಮನ ಕೈಯೆಲ್ಲ ಹೇರ್ ಡೈ. ತಂಗಿ ಫೋನು ಎತ್ತಿ, "ಹೂಂ, ಹೂಂ" ಎನ್ನುತ್ತಾ ಕೇಳಿ, ಎದುರಿನಿಂದ ಬರುತ್ತಿದ್ದ ಅಕ್ಕನನ್ನು ಕಂಡು ರಸ್ತೆಗೇ ಓಡಿದಳು.

"ಅಕ್ಕಾ! ಒಂದು ಸೀಟು ಖಾಲಿಯಾಗಿದೆಯಂತೆ! ನಾಳೆನೇ ಬರ್ಬೇಕಂತೆ!"

ರಟ್ಟಮ್ಮ ಅಲ್ಲೇ ಪಕ್ಕದ ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟಳು. ತಂಗಿ ಪಕ್ಕದಲ್ಲಿ ಕೂತು ಬೆನ್ನಿಗೆ ಗುದ್ದಿದಳು. "ಅಲ್ಲಿ ಹೋಗಿ ನನ್ನ ಮರ್ಯಾದೆ ಕಳೀಬೇಡ ಮತ್ತೆ."