ಅವ್ವ ತೂರಿದ ಮಣ್ಣು

ಮಣ್ಣು ತೂರಿ ಶಾಪ ಹಾಕಿದರೆ ತಟ್ಟುತ್ತದೆ ಎನ್ನುವವರನ್ನು ಕಂಡು ನಾನು ನಗುತ್ತಿದ್ದೆ. ಕೋಗಳಿ ಕಡೆಯ ಶಾಲೆಯೊಂದರಲ್ಲಿ ವಿಜ್ಞಾನ ಹೇಳುವ ಮೇಷ್ಟ್ರು ನಾನು. ನಗದೆ ಏನು ಮಾಡಲಿ? ಈಗ ನಗು ಬರುವುದಿಲ್ಲ. ನಂಬುತ್ತೇನೆ ಎಂದೂ ಹೇಳಲಾರೆ.

ತಮ್ಮ ಕೊಟ್ರೇಶಿ ಮಿಲಿಟರಿಯಲ್ಲಿದ್ದ. ತೊಂಬತ್ತರ ದಶಕದಲ್ಲಿ ಶಾಂತಿ ಕಾಯಲೆಂದು ನಮ್ಮ ದೇಶದ ಪಡೆಯನ್ನು ಆಫ್ರಿಕಾಕ್ಕೆ ಕಳಿಸುವುದೆಂದಾಯಿತು. ಹೆಸರು ಕೊಡಲೋ ಬೇಡವೋ, ಅವ್ವನನ್ನು ಕೇಳಿ ತಿಳಿಸು ಎಂದು ಅವನ ಕಾಗದ ಬಂತು. ಅವ್ವನಿಗೆ ಓದುಬರಹವಿಲ್ಲ.

"ಬ್ಯಾಡ ಅಂತ ಬರಿ. ಯಾರದೋ ಊರಿನ ಜಗಳ ಬಿಡಸಾಕ ನನ್ನ ಮಗನ ಆಗಬೇಕೇನು?" ಎಂದಳು.

ನಾನು 'ಅವ್ವ ಹೋಗು ಅಂತಾಳೆ' ಎಂದು ಬರೆದೆ. ವಿಶ್ವಸಂಸ್ಥೆಯ ನೀಲಿ ಟೋಪಿ ಹಾಕಿಕೊಂಡ ತಮ್ಮನ ಫೋಟೊ ಶಾಲೆಯಲ್ಲಿ ತೋರಿಸಿ ಬೀಗುವ ಆಸೆ ನನಗೆ. ಬೇರೆ ಕಾರಣವಿರಲಿಲ್ಲ. ಫೋಟೊ ಬಂತು. ನಾಲ್ಕು ತಿಂಗಳಿಗೆ ಅವನ ಹೆಣದ ಪೆಟ್ಟಿಗೆಯೂ ಬಂತು.

ಮಣ್ಣು ಮಾಡಿದ ಮೂರನೇ ದಿನ, ನಡು ಮಧ್ಯಾಹ್ನ, ಅವ್ವ ಮೂರು ದಾರಿ ಕೂಡುವಲ್ಲಿಗೆ ನಡೆದಳು. ನಾನು ಹಿಂದೆಯೇ ಓಡಿದೆ. ಗುಂಡು ಹೊಡೆದವನ ವಂಶ ನಿರ್ವಂಶವಾಗಲಿ ಎಂದು ನಾನೂ ಹಲ್ಲು ಕಡಿಯುತ್ತಿದ್ದೆ. ಅವ್ವ ಶಪಿಸಿದ್ದು ಅವನನ್ನಲ್ಲ.

"ನಾ ಒಲ್ಲೆ ಅಂದ್ರೂ ನನ್ನ ಮಗನ ಹೆಸರು ಬರದು ಕಳಿಸ್ಯಾನಲ್ಲ ಯಾವನೋ ಸಾಹೇಬ, ಬರದ ಆ ಕೈ ಬಿದ್ದು ಹೋಗ್ಲಿ! ಅಂವ ಯಾರಂತ ನಂಗ ಗೊತ್ತಿಲ್ಲ, ಈ ಮಣ್ಣಿಗೆ ಗೊತ್ತೈತಿ!"

ಮೂರು ಬೊಗಸೆ ತೂರಿದಳು. ಮೂರನೆಯದಕ್ಕೆ ನನ್ನ ಬಲಗೈ ಭುಜದಿಂದ ಬೆರಳ ತುದಿಯವರೆಗೆ ಜೋಮು ಹಿಡಿಯಿತು. ಅವಳನ್ನು ಹಿಡಿದುಕೊಳ್ಳಲು ಹೋದೆ, ಕೈ ಏಳಲಿಲ್ಲ.

ನರದಲ್ಲಿ ದೋಷವಿಲ್ಲ, ಮನಸ್ಸಿಗೆ ಆಘಾತವಾಗಿದೆ ಎಂದರು ದಾವಣಗೆರೆಯ ಡಾಕ್ಟರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನದೂ ಅದೇ ಇರಬಹುದು. ಆದರೆ ಅವ್ವ ಮುಂದಕ್ಕೆ ತೂರಿದ್ದಳು, ನಾನು ಹಿಂದೆ ನಿಂತಿದ್ದೆ. ಗಾಳಿ ಇರಲಿಲ್ಲ. ಹಾಗಿದ್ದೂ ನನ್ನ ಬಲತೋಳೆಲ್ಲ ಮಣ್ಣಾಗಿತ್ತು, ಎಡಗೈಗೆ ಒಂದು ಕಣವೂ ತಾಗಿರಲಿಲ್ಲ. ಇದನ್ನು ಡಾಕ್ಟರಿಗೆ ಹೇಳಲಿಲ್ಲ. ಇಂದಿಗೂ ನನಗೆ ಅರ್ಥವಾಗಿಲ್ಲ.

ಅವ್ವನ ಸಿಟ್ಟು ಆರಿಲ್ಲ. ದಿನಾ ಬೆಳಿಗ್ಗೆ ಎಣ್ಣೆ ಹಚ್ಚಿ ನನ್ನ ಕೈ ತಿಕ್ಕುತ್ತಾಳೆ. ಅವಳಿಗೆ ತಿಳಿದಿದೆಯೋ ಇಲ್ಲವೋ, ಕೇಳುವ ಧೈರ್ಯ ನನಗಿಲ್ಲ.

"ಲಗೂನ ಆರಾಮಾಗು ಮಗನ," ಎನ್ನುತ್ತಾಳೆ. "ಮಿಲಿಟರಿಯವ್ರಿಗೆ ಒಂದು ಕಾಗದ ಬರಿಬೇಕು ನೀನು. ಆ ಸಾಹೇಬನ ಹೆಸರು ಬೇಕು ನಂಗ."

ಎಡಗೈಯಲ್ಲಿ ಬರೆಯಲು ಕಲಿತು ಬಹಳ ವರ್ಷಗಳಾದವು. ಅವ್ವನಿಗೆ ಹೇಳಿಲ್ಲ.