ಕಿಂಡಿಯಿರುವ ಕ್ಯಾಮೆರಾ
ನಿವೃತ್ತ ರೈಲು ಚಾಲಕ ಕುವಾಬತಾ ಪ್ರತಿ ಶನಿವಾರ ನಕಾನೊ ಬಡಾವಣೆಯಲ್ಲಿರುವ ನಮ್ಮ ಹಳೆಯ ಕ್ಯಾಮೆರಾಗಳ ಅಂಗಡಿಗೆ ಬರುತ್ತಾರೆ. ಕ್ಯಾಮೆರಾ ಜೇಬಿನಲ್ಲಿ ಹಿಡಿಸಬೇಕು, ಆದರೆ ಕಣ್ಣಿಟ್ಟು ನೋಡಲು ಕಿಂಡಿ ಇರಲೇಬೇಕು ಎಂಬುದು ಅವರ ಹಟ. ಕೊಟ್ಟದ್ದನ್ನೆಲ್ಲ, ರೈಲು ಬಿಡುವ ಮುನ್ನ ಮಾಡುತ್ತಿದ್ದಂತೆ ಬೆರಳು ಚಾಚಿ, "ಕಿಂಡಿ, ಸರಿ! ಗುಂಡಿ, ಸರಿ!" ಎಂದು ಕೂಗಿ ಪರೀಕ್ಷಿಸುತ್ತಾರೆ; ಉಳಿದ ಗಿರಾಕಿಗಳು ಬೆಚ್ಚಿಬೀಳುತ್ತಾರೆ. ಕೊನೆಗೆ ಕಿಂಡಿ ಸಣ್ಣದಾಯಿತೆಂದು ವಾಪಸು ಇಡುತ್ತಾರೆ. ಮೊನ್ನೆ ನನ್ನ ಹೆಂಡತಿ ಮಿಯೋ ಅವರನ್ನು ರೇಗಿಸಿದಳು: "ಯಜಮಾನ್ರೇ, ಹಿಂದ್ಗಡೆ ಇಷ್ಟು ದೊಡ್ಡ ಪರದೆ ಇರುವಾಗ ಕಿಂಡಿ ಯಾಕ್ರೀ?" ಅವರು ಟೋಪಿ ತೆಗೆದರು. "ಆಸ್ಪತ್ರೇಲಿರೋ ನಮ್ಮವಳು ದಿನಾ ನಂದೊಂದು ಫೋಟೋ ತೆಗೀರಿ ಅಂತಾಳಮ್ಮ. ಪರದೆ ನೋಡ್ಕೊಂಡು ತೆಗೆದ್ರೆ ನನ್ನ ಒದ್ದೆ ಕಣ್ಣು ಅವಳಿಗೆ ಕಾಣುತ್ತೆ." ಮಿಯೋ ಒಳಗೆ ಹೋಗಿ ದೊಡ್ಡ ಕಿಂಡಿಯಿದ್ದ ತನ್ನದೇ ಪುಟ್ಟ ಕ್ಯಾಮೆರಾ ತಂದು ಅವರ ಕೈಗಿಟ್ಟಳು. ಅವರು ಅದನ್ನು ಕಣ್ಣಿಗೊತ್ತಿಕೊಂಡು ಬಹಳ ಹೊತ್ತು ಹಾಗೆಯೇ ನಿಂತರು.